ಅತ್ತೆಯ ಜ್ವರ, ಮುಚ್ಚಿದ ಹಗೇವು

ಹೋದ ಆಷಾಢದಲ್ಲಿ ನಮ್ಮ ಅತ್ತೆಗೆ ಜ್ವರ ಬಂತು. ಅಂತಿಂಥ ಜ್ವರ ಅಲ್ಲ, ಎರಡು ಕೌದಿ ಹೊದಿಸಿದರೂ ಹಲ್ಲು ಕಟಕಟ ಅನ್ನುವ ಜ್ವರ. ಬೆನ್ನಿನ ಬಲಗಡೆ, ಪಕ್ಕೆಲುಬು ಮುಗಿಯುವ ಜಾಗದಲ್ಲಿ ಕೈ ಇಟ್ಟರೆ ಸಾಕು, "ಅಯ್ಯೋ ಯವ್ವಾ" ಅಂತ ಚೀರುತ್ತಿದ್ದರು. ಅವರಿಗೆ 71 ವರ್ಷ. ಸಕ್ಕರೆ ಕಾಯಿಲೆ ಇದೆ. ವರ್ಷಕ್ಕೆ ಎರಡು ಮೂರು ಸಲ ಉರಿಮೂತ್ರ ಬರುವುದು, ಮೆಡಿಕಲ್ ಶಾಪಿನಿಂದ ಗುಳಿಗೆ ತರಿಸಿ ನುಂಗುವುದು, ಉರಿ ನಿಂತ ಕೂಡಲೇ ಗುಳಿಗೆ ಬಿಡುವುದು. ಇದೆಲ್ಲ ನನ್ನ ಕಣ್ಣು ತಪ್ಪಿಸಿ ನಡೆಯುತ್ತಿತ್ತು. ಸೊಸೆ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೆಲಸ ಮಾಡಿದರೆ ಅತ್ತೆಯಾದವರು ಪಡಬೇಕಾದ ಕಷ್ಟ ಅದು. ಈ ಸಲ ಸೋಂಕು ಮೂತ್ರಕೋಶ ದಾಟಿ ಕಿಡ್ನಿಗೆ ಏರಿತ್ತು. ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಸೇರಿಸಿದೆವು.

ಎರಡನೇ ದಿನ ರಕ್ತದ ರಿಪೋರ್ಟ್ ಬಂತು. ಹಿಮೋಗ್ಲೋಬಿನ್ 8.9. ಸುದ್ದಿ ಗದಗಿನ ತನಕ ಮುಟ್ಟಲು ಒಂದು ತಾಸೂ ಹಿಡಿಯಲಿಲ್ಲ. ಸಂಜೆ ಬಸ್ಸಿಗೆ ನಾದಿನಿ ಬಂದಿಳಿದಳು. ಕೈಯಲ್ಲಿ ಒಂದು ಚೀಲ. ಅದರಲ್ಲಿ ಖರ್ಜೂರ, ಅಂಟಿನ ಉಂಡಿ, ಒಂದು ದೊಡ್ಡ ಬಾಟಲಿ ಕಬ್ಬಿಣದ ಟಾನಿಕ್. ರೌಂಡ್ಸಿಗೆ ಬಂದ ಡಾಕ್ಟರ್ ಹುಡುಗಿ ಟಾನಿಕ್ ಬಾಟಲಿ ನೋಡಿ, "ಈಗ ಬೇಡ್ರಿ. ಸೋಂಕು ಇಳೀಲಿ, ಆಮೇಲೆ ಕೊಡೋಣ" ಅಂದು ಮುಂದಿನ ಬೆಡ್ಡಿಗೆ ಹೋದರು.

ನಾದಿನಿ ನನ್ನನ್ನು ಕಾರಿಡಾರಿಗೆ ಎಳೆದುಕೊಂಡು ಹೋದಳು. "ವೈನಿ, ರಕ್ತ ಕಡಿಮಿ ಐತಿ ಅಂತಾರ, ಕಬ್ಬಿಣ ಬ್ಯಾಡ ಅಂತಾರ. ಇದೆಂಥಾ ಡಾಕ್ಟರಿಕಿ?"

ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಆದರೂ ಆ ಹೊತ್ತಿಗೆ ನನ್ನ ಬಾಯಿಂದ ಬಂದದ್ದು, "ಕಬ್ಬಿಣ ಕೊಟ್ರ ಹುಳಕ್ಕ ಉಣಿಸಿದಂಗ ಆಗ್ತೈತಿ" ಅನ್ನುವ ಒಂದೇ ಮಾತು. ಅವಳಿಗೆ ಅದು ಒಪ್ಪಿಗೆ ಆಗಲಿಲ್ಲ. ಆಗುವ ಹಾಗೂ ಇರಲಿಲ್ಲ. ಅವತ್ತು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಸಾವಕಾಶ ಬರೆಯುತ್ತಿದ್ದೇನೆ.

ಮೊದಲು ಆ ರಿಪೋರ್ಟಿನ ಎರಡು ಸಾಲು. ಸೀರಮ್ ಐರನ್, ಅಂದರೆ ರಕ್ತದಲ್ಲಿ ಓಡಾಡುವ ಕಬ್ಬಿಣ, 22. ಐವತ್ತು ಅರವತ್ತರ ಮೇಲೆ ಇರಬೇಕಾದದ್ದು. ಕೆಳಗಿನ ಸಾಲು ಫೆರಿಟಿನ್, ಅಂದರೆ ಕೂಡಿಟ್ಟ ಕಬ್ಬಿಣದ ಲೆಕ್ಕ, 310. ಅದು ಜಾಸ್ತಿ. ನನ್ನ ಯಜಮಾನರು ಬ್ಯಾಂಕಿನವರು, ಕನ್ನಡಕ ಏರಿಸಿ ನೋಡಿ ಅಂದರು, "ಕರೆಂಟ್ ಅಕೌಂಟಿನಾಗ ಏನೂ ಇಲ್ಲ, ಎಫ್‌ಡಿ ತುಂಬಿ ತುಳುಕ್ಯಾಡಾಕತ್ತೈತಿ." ನಾನು ಇಷ್ಟು ವರ್ಷದಲ್ಲಿ ಕೇಳಿದ ವಿವರಣೆಗಳಲ್ಲಿ ಅದೇ ಚಲೋ ಇತ್ತು.

ನನಗೆ ನೆನಪಾದದ್ದು ಮಾತ್ರ ಹಗೇವು. ನವಲಗುಂದ ಕಡೆಯ ನಮ್ಮೂರಿನಲ್ಲಿ ನಾನು ಸಣ್ಣವಳಿದ್ದಾಗ ಇನ್ನೂ ಒಂದೆರಡು ಉಳಿದಿದ್ದವು. ನೆಲದೊಳಗೆ ಹೂಜಿಯ ಆಕಾರದ ಗುಂಡಿ. ಮೇಲೆ ಸಣ್ಣ ಬಾಯಿ, ಒಳಗೆ ಅಗಲ ಹೊಟ್ಟೆ. ಸುತ್ತ ಹುಲ್ಲು ಹಾಸಿ ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಇಟ್ಟು, ಮೇಲೆ ಮಣ್ಣು ಎಳೆದರೆ ಮುಗೀತು. ಮೇಲೆ ಚಕ್ಕಡಿ ಓಡಾಡಿದರೂ ಕೆಳಗೆ ಕಾಳು ಇದೆ ಅಂತ ಗೊತ್ತಾಗುತ್ತಿರಲಿಲ್ಲ. ಊರಿಗೆ ದಂಡು ಬಂತು, ಕಳ್ಳರು ಬಂದರು ಅಂದರೆ ಜನ ಮಾಡುತ್ತಿದ್ದದ್ದು ಇದನ್ನೇ ಅಂತ ಅಜ್ಜ ಹೇಳುತ್ತಿದ್ದ. ಮನೆಯಲ್ಲಿ ಹಿಟ್ಟಿನ ಡಬ್ಬಿ ಖಾಲಿ, ಕಾಳೆಲ್ಲ ನೆಲದಡಿ. ಬಂದವನು ಉಪವಾಸ ಬೀಳಬೇಕು. ಮನೆಯವರೂ ಸ್ವಲ್ಪ ದಿನ ಅರೆಹೊಟ್ಟೆ.

ಅತ್ತೆಯ ಮೈಯಲ್ಲಿ ಆಗಿದ್ದದ್ದು ಅದೇ.

ಒಬ್ಬ ದೊಡ್ಡ ಮನುಷ್ಯನ ಮೈಯಲ್ಲಿ ಇರುವ ಕಬ್ಬಿಣ ಸುಮಾರು 3ರಿಂದ 4 ಗ್ರಾಂ. ಒಂದೆರಡು ಮೊಳೆಯಷ್ಟು. ಅದರಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ಹತ್ತಿರ ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲೇ ಇದೆ. ಊಟದಿಂದ ದಿನಕ್ಕೆ ಒಳಗೆ ಹೋಗುವುದು ಬರೇ 1ರಿಂದ 2 ಮಿಲಿಗ್ರಾಂ. ಉಳಿದ ವ್ಯವಹಾರವೆಲ್ಲ ಹಳೇ ಸಾಮಾನಿನದೇ. ಮುದಿಯಾದ ರಕ್ತಕಣಗಳನ್ನು ಗುಲ್ಮ ಮತ್ತು ಯಕೃತ್ತಿನಲ್ಲಿ ಕೂತ ಮ್ಯಾಕ್ರೋಫೇಜ್ ಅನ್ನುವ ದೊಡ್ಡ ಕೋಶಗಳು ನುಂಗಿ, ಒಡೆದು, ಕಬ್ಬಿಣ ಬಿಡಿಸಿ, ದಿನಕ್ಕೆ 20 ಮಿಲಿಗ್ರಾಂಗೂ ಜಾಸ್ತಿ ಮತ್ತೆ ರಕ್ತಕ್ಕೆ ಬಿಡುತ್ತವೆ. ರಕ್ತದಲ್ಲಿ ಅದನ್ನು ಹೊತ್ತು ತಿರುಗುವುದು ಟ್ರಾನ್ಸ್‌ಫೆರಿನ್. ಒಂದು ಟ್ರಾನ್ಸ್‌ಫೆರಿನ್‌ಗೆ ಎರಡು ಕಬ್ಬಿಣ ಹಿಡಿಯುವ ಜಾಗ. ಆರೋಗ್ಯವಂತರಲ್ಲಿ ಮೂರರಲ್ಲಿ ಒಂದು ಪಾಲು ಜಾಗ ಮಾತ್ರ ತುಂಬಿರುತ್ತದೆ, ಉಳಿದದ್ದು ಖಾಲಿ. ಖಾಲಿ ಇರುವುದು ದಂಡಕ್ಕಲ್ಲ. ಎಲ್ಲಾದರೂ ಒಂದು ಕಬ್ಬಿಣದ ಅಣು ತಪ್ಪಿಸಿಕೊಂಡರೆ ಗಪ್ಪನೆ ಹಿಡಿಯಲಿ ಅಂತ. ಹಾಗಾಗಿ ನಮ್ಮ ರಕ್ತದಲ್ಲಿ ಬಿಡಿ ಕಬ್ಬಿಣ ಅನ್ನುವುದು ಇಲ್ಲವೆಂದೇ ಲೆಕ್ಕ.

ಸೋಂಕು ಬಂತು ಅಂದಕೂಡಲೇ ಯಕೃತ್ತು ಹೆಪ್ಸಿಡಿನ್ ಅನ್ನುವ ಹಾರ್ಮೋನು ಬಿಡುತ್ತದೆ. ಜೀವಕೋಶದಿಂದ ಕಬ್ಬಿಣ ಹೊರಗೆ ಬರಲು ಇರುವುದು ಒಂದೇ ಬಾಗಿಲು, ಅದರ ಹೆಸರು ಫೆರೋಪೋರ್ಟಿನ್. ಹೆಪ್ಸಿಡಿನ್ ಹೋಗಿ ಆ ಬಾಗಿಲನ್ನೇ ಕಿತ್ತು ಹಾಕಿಸುತ್ತದೆ. ಇದು ಗೊತ್ತಾದದ್ದು 2004ರಲ್ಲಿ, ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ. ಆಗ ಮ್ಯಾಕ್ರೋಫೇಜ್ ಒಳಗಿನ ಕಬ್ಬಿಣ ಒಳಗೇ ಉಳಿಯಿತು. ಕರುಳಿನ ಕೋಶದೊಳಗೆ ಬಂದ ಕಬ್ಬಿಣವೂ ಅಲ್ಲೇ ಉಳಿಯಿತು. ಕೋಶಗಳು ಅದನ್ನೆಲ್ಲ ಫೆರಿಟಿನ್ ಅನ್ನುವ ಟೊಳ್ಳು ಚೆಂಡಿನೊಳಗೆ ತುಂಬಿಡುತ್ತವೆ, ಒಂದು ಚೆಂಡಿನಲ್ಲಿ 4,500 ಕಬ್ಬಿಣದ ಅಣುಗಳ ತನಕ. ಹಗೇವು ಮುಚ್ಚಿತು. ಆದ್ದರಿಂದ ಸೀರಮ್ ಐರನ್ 22, ಫೆರಿಟಿನ್ 310. ನಾದಿನಿಯ ಟಾನಿಕ್ ಕುಡಿಸಿದ್ದರೂ ಹೆಚ್ಚಿನದು ರಕ್ತಕ್ಕೆ ಸೇರದೆ ಕರುಳಿನಲ್ಲೇ ಉಳಿದು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ ಆಗುತ್ತಿತ್ತು. ಇನ್ನು ನೇರ ರಕ್ತನಾಳಕ್ಕೆ ಕಬ್ಬಿಣದ ಇಂಜೆಕ್ಷನ್ ಕೊಟ್ಟರೆ? ಊರ ಬಾಗಿಲಿಗೆ ಕಳ್ಳರು ಬಂದಾಗ ಚಕ್ಕಡಿಯಲ್ಲಿ ಜೋಳ ತಂದು ಬೀದಿಯಲ್ಲಿ ಸುರಿದ ಹಾಗೆ.

ಇನ್ನು ಕಬ್ಬಿಣಕ್ಕೆ ಹಸಿದ ಕಳ್ಳನ, ಅಂದರೆ ಬ್ಯಾಕ್ಟೀರಿಯಾದ ಕಥೆಗೆ ಬರೋಣ. ನನಗೆ ಜಾಸ್ತಿ ಗೊತ್ತಿರುವುದು ಅವನ ಕಡೆಯದೇ.

ಅತ್ತೆಯ ಮೂತ್ರದ ಸ್ಯಾಂಪಲ್ ನಮ್ಮ ಲ್ಯಾಬಿಗೇ ಬಂತು. ಮನೆಯವರದು ಬೇರೆಯವರು ಹಾಕಲಿ ಅಂದುಕೊಂಡೆ, ಮನಸ್ಸು ಕೇಳಲಿಲ್ಲ. ಒಂದು ಮೈಕ್ರೋಲೀಟರಿನ ಲೂಪ್ ಅದ್ದಿ, ಬ್ಯಾಕ್ಟೀರಿಯಾ ಬೆಳೆಸುವ ಎರಡು ತಟ್ಟೆಗಳಿಗೆ, ಕ್ಲೆಡ್ ತಟ್ಟೆಗೂ ರಕ್ತದ ಅಗರ್ ತಟ್ಟೆಗೂ ಎಳೆದೆ. ಮರುದಿನ ಬೆಳಿಗ್ಗೆ ಇನ್‌ಕ್ಯುಬೇಟರ್ ತೆಗೆದರೆ ಕ್ಲೆಡ್ ಮೇಲೆ ಹಳದಿ ಕಾಲೊನಿಗಳು, ಎಣಿಸಲಾರದಷ್ಟು. ಇಂಡೋಲ್ ಪರೀಕ್ಷೆಗೆ ಎರಡು ಹನಿ ಕೊವಾಕ್ಸ್ ಬಿಟ್ಟರೆ ಮೇಲೆ ಕುಂಕುಮದ ಉಂಗುರ. ಇ. ಕೋಲಿ. ಹೊಟ್ಟೆಯಲ್ಲಿ ಸುಮ್ಮನೆ ಬಿದ್ದುಕೊಂಡಿರುವ ಇ. ಕೋಲಿಯ ದಾಯಾದಿ, ಆದರೆ ಮೂತ್ರದ ದಾರಿಗೆ ಬೇಕಾದ ಹತಾರ ಎಲ್ಲ ಇಟ್ಟುಕೊಂಡದ್ದು. ರಕ್ತದ ತಟ್ಟೆ ಬೆಳಕಿಗೆ ಹಿಡಿದೆ. ಕೆಂಪು ನೆಲದ ಮೇಲೆ ಪ್ರತಿ ಕಾಲೊನಿಯ ಸುತ್ತ ನೀರಿನ ಹನಿ ಬಿದ್ದ ಹಾಗೆ ತಿಳಿಯಾದ ಬಳೆ. ಅಲ್ಲಿದ್ದ ಕುರಿಯ ರಕ್ತಕಣಗಳೆಲ್ಲ ಒಡೆದು ಹೋಗಿದ್ದವು. ಈ ಬಳೆಯನ್ನು ನಾನು ದಿನಾ ನೋಡುತ್ತೇನೆ, "ಹಿಮೋಲಿಟಿಕ್" ಅಂತ ಬರೆದು ಪಕ್ಕಕ್ಕಿಡುತ್ತೇನೆ. ಅವತ್ತು ಮಾತ್ರ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತೆ.

ಆ ಬಳೆ ಹಿಮೋಲೈಸಿನ್ ಅನ್ನುವ ವಿಷದ ಕೆಲಸ. ಕೋಶದ ಗೋಡೆಗೆ ತೂತು ಕೊರೆಯುತ್ತದೆ. ರಕ್ತಕಣ ಒಡೆದರೆ ಒಳಗಿನ ಹಿಮೋಗ್ಲೋಬಿನ್ ಹೊರಗೆ. ಹಿಮೋಗ್ಲೋಬಿನ್‌ನಲ್ಲಿ ಹೀಮ್, ಹೀಮ್‌ನ ನಟ್ಟನಡುವೆ ಒಂದು ಕಬ್ಬಿಣ. ಈ ಇ. ಕೋಲಿಗಳ ಮೈಮೇಲೆ ಆ ಹೀಮ್‌ ಅನ್ನು ಇಡಿಯಾಗಿ ನುಂಗುವ ಬಾಯಿಯೂ ಇರುತ್ತದೆ, ಚೂಎ ಅಂತ ಅದರ ಹೆಸರು. ಇದು ದರೋಡೆಯ ದಾರಿ. ಕಳ್ಳತನದ ದಾರಿ ಇನ್ನೂ ಚಂದ.

ಅದನ್ನು ನಾನು ಕಣ್ಣಾರೆ ಕಂಡದ್ದು ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ, ಧಾರವಾಡದಲ್ಲಿ. ಬ್ಯಾಕ್ಟೀರಿಯಾ ಕಬ್ಬಿಣಕ್ಕೆ ಗಾಳ ಹಾಕುತ್ತವೆ. ಸಿಡರೋಫೋರ್ ಅನ್ನುವ ಸಣ್ಣ ಅಣುಗಳನ್ನು ತಯಾರಿಸಿ ಹೊರಗೆ ಬಿಡುತ್ತವೆ. ಗ್ರೀಕಿನಲ್ಲಿ ಹಾಗೆಂದರೆ ಕಬ್ಬಿಣ ಹೊರುವವ. ಅವು ಹೋಗಿ ಕಬ್ಬಿಣ ಕಚ್ಚಿಕೊಂಡು ತಿರುಗಿ ಬರುತ್ತವೆ. ಇದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸುವ ಒಂದು ತಟ್ಟೆ ಇದೆ, 1987ರಲ್ಲಿ ಷ್ವಿನ್ ಮತ್ತು ನೀಲ್ಯಾಂಡ್ಸ್ ಅನ್ನುವ ವಿಜ್ಞಾನಿಗಳು ಮಾಡಿದ್ದು. ಕ್ರೋಮ್ ಅಝುರಾಲ್ ಎಸ್ ಅನ್ನುವ ಬಣ್ಣ ಕಬ್ಬಿಣ ಹಿಡಿದುಕೊಂಡಿರುವಷ್ಟು ಹೊತ್ತು ನೀಲಿ. ಸಿಡರೋಫೋರ್ ಬಂದು ಕಬ್ಬಿಣ ಕಿತ್ತುಕೊಂಡರೆ ಕಿತ್ತಳೆ.

ನನ್ನ ತಟ್ಟೆಯಲ್ಲಿ ಎರಡು ತಿಂಗಳು ಏನೂ ಕಿತ್ತಳೆ ಆಗಲಿಲ್ಲ. ಬ್ಯಾಕ್ಟೀರಿಯಾ ಚಲೋ ಬೆಳೆಯುತ್ತಿತ್ತು, ತಟ್ಟೆ ಮಾತ್ರ ನೀಲಿಗೆ ನೀಲಿ. ತಪ್ಪು ನನ್ನದೇ. ಗಾಜಿನ ಸಾಮಾನನ್ನೆಲ್ಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಡಿಸ್ಟಿಲ್ಡ್ ನೀರಲ್ಲಿ ತೊಳೆಯಬೇಕು ಅಂತ ಬರೆದಿತ್ತು. ಆಮ್ಲದ ಹೊಗೆಗೆ ಕಣ್ಣು ಉರಿಯುತ್ತದೆ ಅಂತ ನಾನು ನಲ್ಲಿಗೆ ಹಿಡಿದು ತೊಳೆಯುತ್ತಿದ್ದೆ. ಬೋರಿನ ನೀರು. ಅದರಲ್ಲಿ ಬೇಕಾದಷ್ಟು ಕಬ್ಬಿಣ. ಬ್ಯಾಕ್ಟೀರಿಯಾದ ಒಳಗೆ ಫರ್ ಅನ್ನುವ ಒಂದು ಪ್ರೋಟೀನ್ ಇದೆ, ಒಂಥರಾ ಉಗ್ರಾಣದ ಕಾರಕೂನ. ಕಬ್ಬಿಣ ಸಾಕಷ್ಟು ಇದ್ದರೆ ಅದು ಜೀನುಗಳ ಮೇಲೆ ಕೂತು ಗಾಳ ಮಾಡುವ ಕೆಲಸವನ್ನೇ ನಿಲ್ಲಿಸುತ್ತದೆ. ಮನೆಯಲ್ಲಿ ಅಕ್ಕಿ ಇರುವಾಗ ಸಾಲಕ್ಕೆ ಯಾರು ಹೋಗುತ್ತಾರೆ? ಕೊನೆಗೆ ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಆಮ್ಲದಲ್ಲೇ ತೊಳೆದೆ. ಮೂರನೇ ದಿನ ನೀಲಿ ತಟ್ಟೆಯ ಮೇಲೆ ಕಾಲೊನಿ ಸುತ್ತ ಕಿತ್ತಳೆ ಹೊಗೆಯ ಹಾಗೆ ಒಂದು ವೃತ್ತ. ನಮ್ಮ ಮೇಡಂ ನೋಡಿ, "ಆಯ್ತಲ್ಲ, ಈಗ ಹಸಿದೈತಿ" ಅಂದರು.

ಫರ್ ಕಾರಕೂನನ ಬಗ್ಗೆ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಕಬ್ಬಿಣ ಕಡಿಮೆ ಅಂದರೆ ಬ್ಯಾಕ್ಟೀರಿಯಾಗೆ ಅದು ಬರೇ ಹಸಿವಲ್ಲ, ವಿಳಾಸವೂ ಹೌದು. "ಈಗ ಮನುಷ್ಯನ ಮೈಯೊಳಗೆ ಇದ್ದೇನೆ" ಅಂತ ಅರ್ಥ. ಗಂಟಲುಮಾರಿ ತರುವ ಡಿಫ್ತೀರಿಯಾ ಬ್ಯಾಕ್ಟೀರಿಯಾದಲ್ಲಿ ಇಂಥದ್ದೇ ಇನ್ನೊಬ್ಬ ಕಾರಕೂನ ಇದ್ದಾನೆ. ಕಬ್ಬಿಣ ಇದ್ದಾಗ ವಿಷ ಮಾಡುವುದಿಲ್ಲ, ಕಡಿಮೆ ಆದಾಗ ಮಾಡುತ್ತದೆ. ಲಸಿಕೆಗೆ ಆ ವಿಷ ತಯಾರಿಸುವವರು ಅದಕ್ಕೇ ದ್ರಾವಣದ ಕಬ್ಬಿಣವನ್ನು ಅಳೆದು ತೂಗಿ ಇಡಬೇಕು. 1930ರ ದಶಕದಿಂದಲೇ ಇದು ಗೊತ್ತಿತ್ತು. ಕಾರಣ ಗೊತ್ತಾಗಲು ಬಹಳ ವರ್ಷ ಹಿಡಿಯಿತು.

ಇ. ಕೋಲಿಯ ಮುಖ್ಯ ಗಾಳ ಎಂಟೆರೋಬ್ಯಾಕ್ಟಿನ್. 1970ರಲ್ಲಿ ಎರಡು ಕಡೆ ಬೇರೆ ಬೇರೆಯಾಗಿ ಸಿಕ್ಕಿತು. ಮೂರು ತೋಳು, ಆರು ಬೆರಳು ಅಂದುಕೊಳ್ಳಿ. ಕಬ್ಬಿಣವನ್ನು ಆರೂ ಕಡೆಯಿಂದ ಅಪ್ಪಿ ಹಿಡಿದರೆ ದ್ರಾವಣ ಕೆಂಪು ದ್ರಾಕ್ಷಾರಸದ ಬಣ್ಣಕ್ಕೆ ತಿರುಗುತ್ತದೆ. ಹಿಡಿತ ಎಷ್ಟು ಬಿಗಿ ಅಂದರೆ, ಅದನ್ನು ಅಳೆಯುವ ಸಂಖ್ಯೆಯಲ್ಲಿ 1ರ ಮುಂದೆ ಸುಮಾರು 50 ಸೊನ್ನೆ. ನಮ್ಮ ಟ್ರಾನ್ಸ್‌ಫೆರಿನ್ ಕೈಯಿಂದಲೇ ಕಿತ್ತುಕೊಳ್ಳಬಲ್ಲದು. ಆದರೆ ಅಷ್ಟು ಬಿಗಿ ಹಿಡಿದದ್ದನ್ನು ಒಳಗೆ ತಂದ ಮೇಲೆ ಬಿಡಿಸುವುದು ಹೇಗೆ? ಬಿಡಿಸುವುದೇ ಇಲ್ಲ. ಫೆಸ್ ಅನ್ನುವ ಕಿಣ್ವ ಗಾಳವನ್ನೇ ಕತ್ತರಿಸಿ ಹಾಕುತ್ತದೆ. ಒಂದು ಕಬ್ಬಿಣಕ್ಕೆ ಒಂದು ಇಡೀ ಗಾಳ ಖರ್ಚು. ಇಷ್ಟು ದುಬಾರಿ ವ್ಯಾಪಾರ ಮಾಡುವುದು ನೋಡಿದರೆ ಕಬ್ಬಿಣದ ಬರ ಎಷ್ಟಿರಬೇಕು!

ಗಾಳವನ್ನು ಒಳಗೆ ಎಳೆಯಲು ಹೊರಗೋಡೆಯಲ್ಲಿ ಬಾಗಿಲು ಬೇಕು, ಎಳೆಯುವ ಶಕ್ತಿ ಬೇಕು. ಆ ಶಕ್ತಿ ಕೊಡುವ ಪ್ರೋಟೀನಿನ ಹೆಸರು ಟಾನ್‌ಬಿ. ಟೀ-ಒನ್ ಅನ್ನುವ ವೈರಸ್ಸು ಇ. ಕೋಲಿಯೊಳಗೆ ನುಗ್ಗುವುದು ಇದರ ನೆರವಿನಿಂದಲೇ. ಟೀ-ಒನ್ ಅನ್ನುವುದೇ ಸವೆದು ಟಾನ್ ಆಯಿತು. ಕಬ್ಬಿಣಕ್ಕೆ ತೆರೆದ ಬಾಗಿಲಿಂದ ಬ್ಯಾಕ್ಟೀರಿಯಾದ ಮನೆಗೂ ಕಳ್ಳ ನುಗ್ಗುತ್ತಾನೆ. ಔಷಧ ಮಾಡುವವರು ಇದನ್ನೇ ಹಿಡಿದರು. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಸೆಫಿಡೆರೋಕಾಲ್ ಅನ್ನುವ ಆ್ಯಂಟಿಬಯಾಟಿಕ್ಕಿಗೆ ಬಾಲದಲ್ಲಿ ಸಿಡರೋಫೋರ್ ಅಂಟಿಸಿದ್ದಾರೆ. ಕಬ್ಬಿಣ ಹಿಡಿದುಕೊಂಡು ಹೋಗುತ್ತದೆ, ಹಸಿದ ಬ್ಯಾಕ್ಟೀರಿಯಾ ತಾನೇ ಒಳಗೆ ಎಳೆದುಕೊಳ್ಳುತ್ತದೆ. ಅದರ ಸೆನ್ಸಿಟಿವಿಟಿ ಪರೀಕ್ಷೆಗೂ ಕಬ್ಬಿಣ ತೆಗೆದ ದ್ರಾವಣವೇ ಬೇಕು. ಓದಿದಾಗ ನನಗೆ ಬೋರಿನ ನೀರು ನೆನಪಾಗಿ ನಗು ಬಂತು.

ಈ ಇಡೀ ಜಗಳ ಮೊದಲು ಕಂಡದ್ದು ಕೋಳಿಮೊಟ್ಟೆಯಲ್ಲಿ. 1944ರಲ್ಲಿ ಷೇಡ್ ಮತ್ತು ಕ್ಯಾರೊಲಿನ್ ಅನ್ನುವ ಇಬ್ಬರು ಆಮಶಂಕೆಯ ಬ್ಯಾಕ್ಟೀರಿಯಾವನ್ನು ಹಸಿ ಮೊಟ್ಟೆಯ ಬಿಳಿಯಲ್ಲಿ ಬೆಳೆಸಲು ನೋಡಿದರು. ಬೆಳೆಯಲಿಲ್ಲ. ಅದು ಹಾಕಿ ನೋಡಿದರು, ಇದು ಹಾಕಿ ನೋಡಿದರು. ಕಬ್ಬಿಣ ಹಾಕಿದಾಗ ಬೆಳೆಯಿತು. ಹಳದಿಯ ಮೇಲೆ ಬೆಳೆಯುವ ಮರಿಗೆ ಸುತ್ತಲೂ ಕಬ್ಬಿಣ ಇಲ್ಲದ ಕಂದಕ, ಅದೇ ಬಿಳಿ. ಎರಡು ವರ್ಷದ ನಂತರ ಅವರೇ ಮನುಷ್ಯನ ರಕ್ತದಲ್ಲೂ ಅಂಥದ್ದೇ ಒಂದನ್ನು ಕಂಡರು. ಅದೇ ನಾವು ಈಗ ಟ್ರಾನ್ಸ್‌ಫೆರಿನ್ ಅನ್ನುವುದು. ತಾಯಿಯ ಎದೆಹಾಲಲ್ಲಿ, ಕಣ್ಣೀರಲ್ಲಿ ಇದರ ತಂಗಿ ಇದ್ದಾಳೆ, ಲ್ಯಾಕ್ಟೋಫೆರಿನ್. ಹೆರಿಗೆಯಾದ ಮೊದಲ ಒಂದೆರಡು ದಿನದ ಗಟ್ಟಿಹಾಲಲ್ಲಿ ಬಹಳ ಜಾಸ್ತಿ. ಅದನ್ನು ಹಿಂಡಿ ಚೆಲ್ಲುವ ಅಜ್ಜಿಯರು ನಮ್ಮ ಕಡೆ ಇನ್ನೂ ಇದ್ದಾರೆ. ಅವರ ಜೊತೆ ನನ್ನ ಜಗಳ ಇನ್ನೊಂದು ದಿನ.

ಬ್ಯಾಕ್ಟೀರಿಯಾ ಗಾಳ ಹಾಕಿದರೆ ನಮ್ಮ ಮೈ ಸುಮ್ಮನಿರುತ್ತದೆಯೇ? ಲಿಪೋಕ್ಯಾಲಿನ್-2 ಅನ್ನುವ ಪ್ರೋಟೀನ್ ಬಿಡುತ್ತದೆ. ಅದಕ್ಕೆ ಬಟ್ಟಲಿನ ಹಾಗೆ ಒಂದು ಗುಳಿ, ಎಂಟೆರೋಬ್ಯಾಕ್ಟಿನ್ ಅದರಲ್ಲಿ ಸರಿಯಾಗಿ ಕೂರುತ್ತದೆ. ಕಬ್ಬಿಣ ಹೊತ್ತ ಗಾಳವನ್ನೇ ನುಂಗಿಬಿಡುತ್ತದೆ. ಕಿಡ್ನಿಗೆ ಪೆಟ್ಟಾಗಿದೆಯೇ ಅಂತ ತಿಳಿಯಲು ಎನ್‌ಜಿಎಎಲ್ ಅಂತ ಒಂದು ಪರೀಕ್ಷೆ ಬರೆಯುತ್ತಾರಲ್ಲ, ಅದೇ ಇದು. ಬ್ಯಾಕ್ಟೀರಿಯಾದ ಉತ್ತರ? ಗಾಳಕ್ಕೆ ಎರಡು ಸಕ್ಕರೆ ಅಂಟಿಸಿ ದಪ್ಪ ಮಾಡಿತು. ಈಗ ಬಟ್ಟಲಿನಲ್ಲಿ ಕೂರುವುದಿಲ್ಲ. ಅದಕ್ಕೆ ಸಾಲ್ಮೊಕೆಲಿನ್ ಅಂತ ಹೆಸರು, ಟೈಫಾಯ್ಡ್ ಕುಟುಂಬದ ಸಾಲ್ಮೊನೆಲ್ಲಾದಲ್ಲಿ ಸಿಕ್ಕಿದ್ದರಿಂದ. ಮೂತ್ರದ ದಾರಿಯ ಇ. ಕೋಲಿಗಳಲ್ಲಿ ಎಷ್ಟೋ ಕಡೆ ಇದೂ ಇರುತ್ತದೆ, ಏರೋಬ್ಯಾಕ್ಟಿನ್ ಮತ್ತು ಯರ್ಸಿನಿಯಾಬ್ಯಾಕ್ಟಿನ್ ಅನ್ನುವ ಬೇರೆ ಗಾಳಗಳೂ ಇರುತ್ತವೆ. ಮೂತ್ರದಲ್ಲಿ ಕಬ್ಬಿಣ ಬಹಳ ಕಡಿಮೆ. ಅಲ್ಲಿ ಬದುಕಬೇಕಾದರೆ ಒಂದೇ ಗಾಳ ಸಾಲದು.

ಅತ್ತೆಗೆ ಯಾಕೆ ಪದೇ ಪದೇ ಬರುತ್ತದೆ ಅನ್ನುವುದು ಇನ್ನೂ ಉಳಿಯಿತು. ಸಕ್ಕರೆ ಕಾಯಿಲೆ ಒಂದು ಕಾರಣ, ಅರ್ಧಕ್ಕೆ ಬಿಟ್ಟ ಗುಳಿಗೆ ಇನ್ನೊಂದು. ಮೂರನೆಯದು ನನಗೇ ಗೊತ್ತಾದದ್ದು ತಡವಾಗಿ. ನಾವು ಓದುವಾಗ ಇ. ಕೋಲಿ ಅಂದರೆ ಕೋಶದ ಹೊರಗೇ ಇರುವ ಜೀವಿ ಅಂತಲೇ ಪಾಠ. ಅದರ ಮೈಮೇಲೆ ಕೂದಲಿನಂಥ ಪಿಲೈ ಇವೆ, ತುದಿಯಲ್ಲಿ ಫಿಮ್‌ಎಚ್ ಅನ್ನುವ ಕೊಕ್ಕೆ. ಮೂತ್ರಕೋಶದ ಒಳಗೋಡೆಯ ಮೇಲ್ಪದರದಲ್ಲಿ ಛತ್ರಿಯಂಥ ದೊಡ್ಡ ಕೋಶಗಳಿವೆ. ಅವುಗಳ ಮೇಲಿನ ಮ್ಯಾನೋಸ್ ಸಕ್ಕರೆಗೆ ಈ ಕೊಕ್ಕೆ ಸಿಕ್ಕಿಕೊಳ್ಳುತ್ತದೆ. ಮೂತ್ರದ ಹರಿವಿಗೂ ಜಗ್ಗುವುದಿಲ್ಲ. ಇಷ್ಟು ನಮಗೆ ಗೊತ್ತಿತ್ತು. ಆಮೇಲೆ ಕೋಶ ತಾನೇ ಅದನ್ನು ಒಳಗೆ ಎಳೆದುಕೊಳ್ಳುತ್ತದೆ ಅನ್ನುವುದು, ಒಳಗೆ ಹೋದ ಒಂದೆರಡು ಬ್ಯಾಕ್ಟೀರಿಯಾ ಸಾವಿರಗಟ್ಟಲೆ ಆಗಿ ಕೋಶ ಉಬ್ಬಿ ಗುಳ್ಳೆಯ ಹಾಗೆ ಕಾಣುತ್ತದೆ ಅನ್ನುವುದು ಇಲಿಗಳಲ್ಲಿ ತಿಳಿದದ್ದು 2003ರಲ್ಲಿ. ಕೆಲವು ವರ್ಷದ ನಂತರ ಸೋಂಕಿದ್ದ ಹೆಂಗಸರ ಮೂತ್ರದಲ್ಲಿ ಉದುರಿ ಬಂದ ಕೋಶಗಳಲ್ಲೂ ಅಂಥ ಮುದ್ದೆಗಳು ಸಿಕ್ಕವು. ಗೋಡೆಯ ಆಚೆ ಕೂತವನಿಗೆ ಬಿಳಿ ರಕ್ತಕಣ ಮುಟ್ಟುವುದಿಲ್ಲ, ಬಹಳಷ್ಟು ಆ್ಯಂಟಿಬಯಾಟಿಕ್ಕೂ ಮುಟ್ಟುವುದಿಲ್ಲ.

ಮೈ ಇದಕ್ಕೂ ಒಂದು ಉಪಾಯ ಮಾಡುತ್ತದೆ. ಸೋಂಕು ತಗುಲಿದ ಮೇಲ್ಪದರವನ್ನೇ ಸುಲಿದು ಮೂತ್ರದಲ್ಲಿ ಬಿಟ್ಟುಬಿಡುತ್ತದೆ. ಆದರೆ ಮೇಲಿನ ಪದರ ಹೋದರೆ ಕೆಳಗಿನ ಎಳೆಯ ಕೋಶಗಳು ಬಯಲಾಗುತ್ತವೆ. ಕೆಲವು ಬ್ಯಾಕ್ಟೀರಿಯಾ ಅಲ್ಲಿ ಹೋಗಿ ಕೂರುತ್ತವೆ, ವಾರ, ತಿಂಗಳು. ಎಲ್ಲಿ ಕೂರುತ್ತವೆ ಗೊತ್ತೇ? ಕೋಶ ತನ್ನ ಹಳೆಯ ಫೆರಿಟಿನ್ ಒಡೆದು ಕಬ್ಬಿಣ ಬಿಡಿಸುವ ಚೀಲದಲ್ಲೇ. 2016ರಲ್ಲಿ ಬಂದ ಒಂದು ಪ್ರಬಂಧ ಅದನ್ನು ತೋರಿಸಿತು. ಕಬ್ಬಿಣ ಜಾಸ್ತಿ ಕೊಟ್ಟ ಕೋಶಗಳಲ್ಲಿ ಬ್ಯಾಕ್ಟೀರಿಯಾವೂ ಜಾಸ್ತಿ. ಓದುತ್ತಾ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಕಳ್ಳರಿಗೆ ಹೆದರಿ ಮುಚ್ಚಿದ ಹಗೇವಿನೊಳಗೆ ಒಬ್ಬ ಮೊದಲೇ ಇಳಿದು ಕೂತಿದ್ದಾನೆ.

ಕಿಡ್ನಿಗೆ ಏರಿದ ಮೇಲೆ ಕೊಕ್ಕೆ ಬೇರೆ, ಅಲ್ಲಿನ ಸಕ್ಕರೆ ಬೇರೆ. ಅದನ್ನು ಬಿಡುತ್ತೇನೆ. ವಾಟ್ಸಾಪಿನಲ್ಲಿ ಸುತ್ತುತ್ತಿರುವ ಮ್ಯಾನೋಸ್ ಪುಡಿಯ ಬಗ್ಗೆ ಮಾತ್ರ ಒಂದು ಮಾತು. ಪುಡಿ ಕುಡಿದರೆ ಕೊಕ್ಕೆಗೆ ಪುಡಿಯೇ ಸಿಕ್ಕಿಕೊಂಡು ಬ್ಯಾಕ್ಟೀರಿಯಾ ಜಾರಿ ಹೋಗುತ್ತದೆ ಅನ್ನುವ ಲೆಕ್ಕ ಕೇಳಲು ಚಂದ. 2024ರಲ್ಲಿ ಬ್ರಿಟನ್ನಿನ ಹೆಂಗಸರಲ್ಲಿ ಸರಿಯಾಗಿ ಪರೀಕ್ಷಿಸಿ ನೋಡಿದಾಗ ಲಾಭ ಕಾಣಲಿಲ್ಲ. ನಾದಿನಿ ಅದರದೂ ಒಂದು ಡಬ್ಬಿ ತಂದಿದ್ದಳು ಅಂತ ಬೇರೆ ಹೇಳಬೇಕಿಲ್ಲ.

"ಕಬ್ಬಿಣ ಕೊಟ್ಟರೆ ಏನು ಮಹಾ ಆಗುತ್ತೆ" ಅನ್ನುವವರಿಗೆ ನಾನು ಷಿಕಾಗೊ ಕಥೆ ಹೇಳುತ್ತೇನೆ. ಮಾಲ್ಕಮ್ ಕ್ಯಾಸಡಬನ್ ಅಲ್ಲಿನ ವಿಶ್ವವಿದ್ಯಾಲಯದ ತಳಿವಿಜ್ಞಾನಿ. ಪ್ಲೇಗಿನ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುತ್ತಿದ್ದರು. ನಿಜವಾದ ಪ್ಲೇಗಲ್ಲ, ಹಲ್ಲು ಕಿತ್ತ ಹಾವು. ಆ ತಳಿಗೆ ಯರ್ಸಿನಿಯಾಬ್ಯಾಕ್ಟಿನ್ ಗಾಳ ಇರಲಿಲ್ಲ. ಕಬ್ಬಿಣ ಕದಿಯಲಾರದ ಪ್ಲೇಗು ಮನುಷ್ಯನ ಮೈಯಲ್ಲಿ ಬದುಕುವುದಿಲ್ಲ ಅಂತ ಎಲ್ಲರೂ ಅದನ್ನು ಧೈರ್ಯವಾಗಿ ಮುಟ್ಟುತ್ತಿದ್ದರು. 2009ರ ಸೆಪ್ಟೆಂಬರ್ 13ರಂದು ಅವರು ಅದೇ ಬ್ಯಾಕ್ಟೀರಿಯಾದಿಂದ ತೀರಿಕೊಂಡರು. 60 ವರ್ಷ. ಸತ್ತ ಮೇಲೆ ಗೊತ್ತಾಯಿತು, ಅವರಿಗೆ ಹಿಮೋಕ್ರೊಮಟೋಸಿಸ್ ಇತ್ತು, ಹುಟ್ಟಿನಿಂದ ಬಂದದ್ದು. ಮೈಯಲ್ಲಿ ಕಬ್ಬಿಣ ವರ್ಷ ವರ್ಷ ಕೂಡುತ್ತಾ ಹೋಗುವ ಕಾಯಿಲೆ. ಅವರಿಗೂ ಗೊತ್ತಿರಲಿಲ್ಲ. ಗಾಳ ಇಲ್ಲದವನಿಗೆ ಮೀನು ತಾನಾಗಿ ದಡಕ್ಕೆ ಬಂದಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಹೋದದ್ದು ನಮ್ಮ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬಂದವರ ಜೊತೆ. ಪ್ಲೇಗಮ್ಮನ ಗುಡಿ ಕಂಡಾಗೆಲ್ಲ ಈಗ ನನಗೆ ಆ ಷಿಕಾಗೊದವರೂ ನೆನಪಾಗುತ್ತಾರೆ.

ಇಷ್ಟು ಓದಿ ಯಾರಾದರೂ ಮನೆಯಲ್ಲಿರುವ ಕಬ್ಬಿಣದ ಗುಳಿಗೆ ಚೆಲ್ಲಿದರೆ ನನಗೆ ಪಾಪ ತಗಲುತ್ತದೆ. ಬಸುರಿಯರ ಕೆಂಪು ಗುಳಿಗೆ, ಶಾಲೆಯಲ್ಲಿ ದೊಡ್ಡ ಮಕ್ಕಳಿಗೆ ವಾರಕ್ಕೊಮ್ಮೆ ಕೊಡುವ ನೀಲಿ, ಸಣ್ಣವರ ಗುಲಾಬಿ, ಇವೆಲ್ಲ ಬೇಕೇ ಬೇಕು. ರಕ್ತ ಕಡಿಮೆ ಆಗಿ ಹೆರಿಗೆಯಲ್ಲಿ ಒದ್ದಾಡಿದವರನ್ನು ನಾನು ಕಂಡಿದ್ದೇನೆ. ಲೆಕ್ಕ ಇರುವುದು ಹೊತ್ತಿನದು. ಆಫ್ರಿಕಾದ ಜಾಂಜಿಬಾರ್ ಪಕ್ಕದ ಪೆಂಬಾ ದ್ವೀಪದಲ್ಲಿ ಸಣ್ಣ ಮಕ್ಕಳಿಗೆ ದಿನಾ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಕೊಟ್ಟು ನೋಡಿದರು. ಸಿಕ್ಕಾಪಟ್ಟೆ ಮಲೇರಿಯಾ ಇರುವ ಜಾಗ. ಕಬ್ಬಿಣ ಕೊಟ್ಟ ಮಕ್ಕಳಲ್ಲಿ ಆಸ್ಪತ್ರೆ ಸೇರಿದವರು, ತೀರಿಕೊಂಡವರು ಜಾಸ್ತಿ ಆದರು. 2003ರಲ್ಲಿ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. ಆದರೆ ಅವರಲ್ಲೇ ನಿಜವಾಗಿ ಕಬ್ಬಿಣದ ಕೊರತೆ ಇದ್ದು, ಜ್ವರ ಬಂದಾಗ ಬೇಗ ಚಿಕಿತ್ಸೆ ಸಿಕ್ಕ ಮಕ್ಕಳಿಗೆ ಅದೇ ಕಬ್ಬಿಣದಿಂದ ಒಳ್ಳೆಯದೇ ಆಗಿತ್ತು. ನಾದಿನಿ ಕೇಳಿದಳು, "ಹಂಗಾದ್ರ ನೆಗಡಿ ಬಂದ್ರೂ ಬಂದ್ ಮಾಡ್ಬೇಕೇನ್ರಿ?" ಇಲ್ಲ ಮಾರಾಯ್ತಿ. ನೆಗಡಿಗೆಲ್ಲ ಏನೂ ಬಂದ್ ಮಾಡಬೇಡ. ಆಸ್ಪತ್ರೆ ಸೇರುವಂಥ ಜ್ವರ ಇದ್ದಾಗ ಡಾಕ್ಟರ್ ಏನು ಹೇಳುತ್ತಾರೆ ಕೇಳು, ಸಾಕು.

ಅತ್ತೆಯ ಇ. ಕೋಲಿ ಸಾಮಾನ್ಯದ್ದಾಗಿರಲಿಲ್ಲ. ಮೆಡಿಕಲ್ ಶಾಪಿನ ಗುಳಿಗೆಗಳಿಗೆ ಒಂದಕ್ಕೂ ಬಗ್ಗಲಿಲ್ಲ, ತಟ್ಟೆಯ ಮೇಲಿಟ್ಟ ಆ್ಯಂಟಿಬಯಾಟಿಕ್ ಡಿಸ್ಕುಗಳಲ್ಲಿ ಅಮಿಕಾಸಿನ್ ಮತ್ತು ಮೆರೊಪೆನೆಮ್ ಸುತ್ತ ಮಾತ್ರ ಬೆಳೆಯದೆ ಒಳ್ಳೆ ಬಯಲು ಬಿಟ್ಟಿತ್ತು. ಐದನೇ ದಿನ ಜ್ವರ ಬಿಟ್ಟಿತು. ಹತ್ತನೇ ದಿನ ಮನೆಗೆ ಬಂದರು. ಆರು ವಾರದ ಮೇಲೆ ಮತ್ತೆ ರಕ್ತ ಕೊಟ್ಟೆವು. ಫೆರಿಟಿನ್ 310ರಿಂದ 19ಕ್ಕೆ ಇಳಿದಿತ್ತು. ಯಜಮಾನರು ಗಾಬರಿಯಾದರು, ಎಫ್‌ಡಿ ಎಲ್ಲಿ ಹೋಯಿತು ಅಂತ. ಫೆರಿಟಿನ್ ಜ್ವರದಲ್ಲಿ ತಾನಾಗಿಯೂ ಏರುತ್ತದೆ. ಆ 310ರಲ್ಲಿ ಉಬ್ಬರವೇ ಬಹಳ ಇತ್ತು. ಈಗ ಕಂಡದ್ದು ನಿಜವಾದ ತಳ. ಡಾಕ್ಟರ್ ಹುಡುಗಿ ಆ ದಿನವೇ ಕಬ್ಬಿಣದ ಗುಳಿಗೆ ಬರೆದರು, ದಿನಕ್ಕೊಂದು, ಊಟಕ್ಕೆ ಮೊದಲು, ಚಹಾದ ಜೊತೆ ಬೇಡ.

ನಾದಿನಿಗೆ ಫೋನ್ ಮಾಡಿದೆ. "ಹಗೇವು ತೆರೀತೇನ್ರಿ ವೈನಿ?" ಅಂದಳು. ತೆರೀತು ಅಂದೆ. ಟಾನಿಕ್ ಬಾಟಲಿ ಕಳಿಸಲೇ ಅಂದಳು. ಬೇಡ ಅಂದೆ.

ಎರಡು ತಿಂಗಳಾದರೂ ಹಿಮೋಗ್ಲೋಬಿನ್ 9.4 ದಾಟಲಿಲ್ಲ. ಬೇರೆಲ್ಲಾದರೂ ರಕ್ತ ಸೋರುತ್ತಿದೆಯೇ ಅಂತ ನಾನು ಮಲ ಪರೀಕ್ಷೆಯ ತನಕ ಯೋಚಿಸಿದ್ದೆ. ಮೊನ್ನೆ ಅಮಾವಾಸ್ಯೆಗೆ ಮನೆ ಸಾರಿಸುವಾಗ ಅತ್ತೆಯ ಎಲೆ-ಅಡಿಕೆ ಚಂಚಿ ಕೊಡವಿದೆ. ಅಡಿಕೆ ಹೋಳಿನ ಜೊತೆ ಟಪಟಪ ಅಂತ ಕಬ್ಬಿಣದ ಗುಳಿಗೆ ಉದುರಿದವು. ಎಣಿಸಿದೆ, ಇಪ್ಪತ್ಮೂರು. ಅತ್ತೆ ಕಿಟಕಿ ಕಡೆ ಮುಖ ತಿರುಗಿಸಿ ಕೂತು, "ಹೊಟ್ಟಿ ಕಟ್ಟತೈತಿ ಅದಕ್ಕ" ಅಂದರು.